ಆ ಮೀನನ್ನು ಹೆಂಗಸು ಹಿಡಿದಳಂತೆ!

ನದಿ, ದೋಣಿ, ಗಾಳ ಎಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವವನು ಗಂಡಸೇ. ತಂದ ಮೀನನ್ನು ತೊಳೆದು, ಹೆಚ್ಚಿ, ಮಸಾಲೆ ಅರೆಯುವುದು ಮಾತ್ರ ಹೆಂಗಸಿನ ಪಾಲು. ಆದರೆ ಬ್ರಿಟನ್ನಿನಲ್ಲಿ ಗಾಳಕ್ಕೆ ಬಿದ್ದ ಸಾಲ್ಮನ್ ಮೀನುಗಳ ಪೈಕಿ ಅತ್ಯಂತ ದೊಡ್ಡದೆಂದು ದಾಖಲೆಯಲ್ಲಿರುವ ಮೀನನ್ನು ಹಿಡಿದವಳು ಒಬ್ಬ ಹೆಂಗಸು. ನೂರು ವರ್ಷ ಕಳೆದರೂ ಆ ದಾಖಲೆಯನ್ನು ಯಾರೂ ಮುರಿದಿಲ್ಲ.

ಸ್ಕಾಟ್‌ಲ್ಯಾಂಡಿನ ಅತಿ ಉದ್ದದ ನದಿ ಟೇ. ಸುಮಾರು 190 ಕಿಲೋಮೀಟರ್ ಹರಿದು ಸಮುದ್ರ ಸೇರುತ್ತದೆ. ಸಾಲ್ಮನ್ ಹುಟ್ಟುವುದು ಇಂಥ ಸಿಹಿನೀರಿನಲ್ಲಿ. ಬೆಳೆಯುವುದು ದೂರದ ಕಡಲಿನಲ್ಲಿ. ಮೊಟ್ಟೆಯಿಡುವ ಕಾಲ ಬಂದಾಗ ತಾನು ಹುಟ್ಟಿದ ಹೊಳೆಯನ್ನೇ ಹುಡುಕಿಕೊಂಡು ಬರುತ್ತದೆ. ಬಾಣಂತನಕ್ಕೆ ತವರಿಗೆ ಬರುವ ಮಗಳ ಹಾಗೆ!

ಆ ದೇಶದಲ್ಲಿ ಹೊಳೆಯ ಸಾಲ್ಮನ್ ಎಲ್ಲರ ಸೊತ್ತಲ್ಲ. ಅದನ್ನು ಹಿಡಿಯುವ ಹಕ್ಕೇ ಜಮೀನಿನಂತೆ ಒಬ್ಬರಿಂದ ಒಬ್ಬರಿಗೆ ಬರುವ ಆಸ್ತಿ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಶ್ರೀಮಂತರು ಬೇಟೆಗೂ ಗಾಳಕ್ಕೂ ಉತ್ತರಕ್ಕೆ ಹೋಗುವುದು ರೂಢಿಯಾಯಿತು. ಅವರಿಗೆ ದೋಣಿ ನಡೆಸಿ, ಮೀನಿರುವ ಮಡು ತೋರಿಸಿ ಕೊಡುತ್ತಿದ್ದವನು 'ಗಿಲ್ಲಿ'. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಆ ಪದಕ್ಕೆ ಹುಡುಗ, ಆಳು ಎಂಬ ಅರ್ಥ. ನದಿಯ ಒಂದೊಂದು ಕಲ್ಲೂ ಗೊತ್ತಿರುವುದು ಆಳಿಗೆ, ಹೆಸರು ಬರುವುದು ಧಣಿಗೆ. ಇದು ನಮಗೇನು ಹೊಸ ಸಂಗತಿಯೇ?

ಮಗಳ ಮನೆಗೆಂದು ಹೋಗಿದ್ದಾಗ ಒಂದು ದಿನ ನಾವೂ ಅಂಥ ಒಬ್ಬ ಗಿಲ್ಲಿಯ ದೋಣಿಯಲ್ಲಿ ಕುಳಿತೆವು. ಅಳಿಯಂದಿರು ಗಾಳ ಹಿಡಿದಿದ್ದರು. ನಾನು ಶಾಲು ಹೊದ್ದು ನೀರನ್ನೇ ನೋಡುತ್ತಿದ್ದೆ. ಮೀನು ಬೀಳಲಿಲ್ಲ. ಹೊತ್ತು ಹೋಗಲೆಂದು ಆತ ಹೇಳಿದ ಕಥೆ ಜಾರ್ಜಿನಾ ಬ್ಯಾಲಂಟೈನಳದು. ಅದು ನನ್ನನ್ನು ಬಿಡಲಿಲ್ಲ. ಆಮೇಲೆ ಹುಡುಕಿ ಓದಿದೆ.

ಜಾರ್ಜಿನಾಳ ತಂದೆ ಜೇಮ್ಸ್, ಕೇಪತ್ ಎಂಬ ಊರಿನ ಬಳಿಯ ಗ್ಲೆನ್‌ಡೆಲ್ವಿನ್ ಎಸ್ಟೇಟಿನಲ್ಲಿ ದೋಣಿಗಾರ. ಮಗಳು ಮೊದಲ ಮಹಾಯುದ್ಧದಲ್ಲಿ ದಾದಿಯಾಗಿ ದುಡಿದು ಬಂದವಳು. 1922ರ ಅಕ್ಟೋಬರ್ 7ರ ಸಂಜೆ ತಂದೆ ಹುಟ್ಟು ಹಾಕುತ್ತಿದ್ದ, ಮಗಳು ಗಾಳ ಹಿಡಿದಿದ್ದಳು. ಆರೂಕಾಲರ ಹೊತ್ತಿಗೆ ಮೀನು ಕಚ್ಚಿತು. ದಾರ ಸೆಳೆದುಕೊಂಡು ಕೆಳಹರಿವಿಗೆ ಓಡಿತು. ಕತ್ತಲಾಯಿತು, ಮೀನಿನ ಮೈ ಕಾಣದು, ಎಳೆತ ಮಾತ್ರ ಕೈಗೆ ತಿಳಿಯುತ್ತಿತ್ತು. ಎರಡು ಗಂಟೆಗೂ ಹೆಚ್ಚು ಕಾಲ ಹೋರಾಡಿದ ಮೇಲೆ ತಂದೆ ಕೊಕ್ಕೆ ಹಾಕಿ ಅದನ್ನು ದೋಣಿಗೆಳೆದ. ತೂಕ 64 ಪೌಂಡ್, ಅಂದರೆ 29 ಕಿಲೋ. ಉದ್ದ ನಾಲ್ಕೂವರೆ ಅಡಿ!

ಮೀನನ್ನು ಪರ್ತ್ ಪಟ್ಟಣದ ಒಂದು ಅಂಗಡಿಯ ಗಾಜಿನ ಹಿಂದೆ ಪ್ರದರ್ಶನಕ್ಕಿಟ್ಟರು. ಜನ ಮುಗಿಬಿದ್ದರು. ಗುಂಪಿನ ಹಿಂದೆ ಜಾರ್ಜಿನಾಳೂ ನಿಂತಿದ್ದಳು. ಇಂಥ ಮೀನನ್ನು ಹೆಂಗಸು ಹಿಡಿಯುವುದುಂಟೇ ಎಂದು ಇಬ್ಬರು ಮುದುಕರು ಮಾತಾಡಿಕೊಂಡದ್ದು ಆಕೆಯ ಕಿವಿಗೇ ಬಿತ್ತು. ಆಕೆ ನಕ್ಕು ಸುಮ್ಮನಾದಳಂತೆ. ಆ ಮೀನು ಕೊನೆಗೆ ಊರಿನ ಆಸ್ಪತ್ರೆಯವರ ಊಟಕ್ಕೆ ಹೋಯಿತು. ಗಂಡಸರಂತೆಯೇ 21 ತುಂಬಿದ ಎಲ್ಲ ಹೆಂಗಸರಿಗೂ ಆ ದೇಶದಲ್ಲಿ ಮತದ ಹಕ್ಕು ಬಂದದ್ದು ಇದಾದ ಆರು ವರ್ಷಕ್ಕೆ, 1928ರಲ್ಲಿ. ಮುದುಕರ ಮಾತಿನಲ್ಲಿ ಆಶ್ಚರ್ಯವೇನಿದೆ?

ಅದೃಷ್ಟ ಎಂದು ತಳ್ಳಿಹಾಕೋಣವೆಂದರೆ ಅದೂ ಆಗದು. ಮರುವರ್ಷ, 1923ರಲ್ಲಿ, ಡೊರೀನ್ ಡೇವಿ ಎಂಬಾಕೆ ವೈ ನದಿಯಲ್ಲಿ 59½ ಪೌಂಡಿನ ಸಾಲ್ಮನ್ ಹಿಡಿದಳು. 1924ರಲ್ಲಿ ಡೆವೆರನ್ ನದಿಯಲ್ಲಿ ಕ್ಲೆಮೆಂಟಿನಾ ಮಾರಿಸನ್ ಹಿಡಿದದ್ದು 61 ಪೌಂಡಿನದು. ಮೂರು ವರ್ಷ, ಮೂವರು ಹೆಂಗಸರು. ಇದಕ್ಕೆ ಕಾರಣ ಹುಡುಕದೆ ಲೋಕ ಸುಮ್ಮನಿದ್ದೀತೇ? ಹೆಂಗಸರ ಮೈಯ ವಾಸನೆಗೆ ಸಾಲ್ಮನ್ ಮರುಳಾಗುತ್ತದೆ ಎಂದು ವಾದಿಸುವ ಪುಸ್ತಕವೇ 1990ರಲ್ಲಿ ಬಂತು. ನನಗಂತೂ ಇದನ್ನೋದಿ ನಗು ಬಂತು. ಮಗಳು ರ‍್ಯಾಂಕ್ ಬಂದರೆ ಪ್ರಶ್ನೆಪತ್ರಿಕೆ ಸುಲಭವಿತ್ತು, ಮಗ ಬಂದರೆ ಬುದ್ಧಿವಂತ ಎನ್ನುವ ತಂದೆತಾಯಿಗಳನ್ನು ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಎಷ್ಟೋ ಕಂಡಿದ್ದೇನೆ. ದೋಣಿಗಾರನ ಮಗಳಾಗಿ ನದಿಯ ಪಕ್ಕದಲ್ಲೇ ಬೆಳೆದು ಕಲಿತ ವಿದ್ಯೆ, ಆ ಕತ್ತಲಲ್ಲಿ ಕೈಬಿಡದ ತಾಳ್ಮೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಜಾರ್ಜಿನಾ 1970ರಲ್ಲಿ ತೀರಿಕೊಂಡಳು. ಮೀನಿನ ಅಚ್ಚು ಪರ್ತ್ ಮ್ಯೂಸಿಯಮ್ಮಿನಲ್ಲಿ ಉಳಿದಿದೆ. ಆದರೆ ನದಿಯಲ್ಲಿ ಸಾಲ್ಮನ್ ಉಳಿಯುವುದೇ ಈಗ ಕಷ್ಟವಾಗಿದೆ. 2023ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸಾಲ್ಮನ್ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಬಿಸಿಯಾಗುತ್ತಿರುವ ನೀರು, ಹೊಳೆಗೆ ಅಡ್ಡವಾದ ಕಟ್ಟೆಗಳು, ಮಾಲಿನ್ಯ, ಸಾಕಣೆಯ ಮೀನಿನಿಂದ ಹರಡುವ ಹೇನು ಎಲ್ಲವೂ ಅದಕ್ಕೆ ಶತ್ರುಗಳು. ಸ್ಕಾಟ್‌ಲ್ಯಾಂಡಿನಲ್ಲಿ ಗಾಳಕ್ಕೆ ಬಿದ್ದ ಸಾಲ್ಮನ್‌ಗಳಲ್ಲಿ ಬಹುಪಾಲನ್ನು ಈಗ ಜೀವಂತವಾಗಿ ನೀರಿಗೇ ಬಿಡುತ್ತಾರೆ. ಅವುಗಳಲ್ಲಿ ಒಂದಾದರೂ 64 ಪೌಂಡಿಗೆ ಮೀರಿ ಬೆಳೆದು, ಯಾವಳೋ ಹುಡುಗಿಯ ಗಾಳಕ್ಕೆ ಸಿಕ್ಕಿ, ತಪ್ಪಿಸಿಕೊಂಡು ತವರು ಸೇರಲಿ ಎಂದು ನನ್ನ ಆಸೆ.