ಇದ್ದುದರಲ್ಲಿ ವಾಸಿ: ಒಲ್ಲದ ಅಭ್ಯರ್ಥಿಗಳ ನಡುವಿನ ಆಯ್ಕೆಯ ಅಧ್ಯಯನ

ಅಧ್ಯಕ್ಷ ಪದವಿಯ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಹಿಡಿಸದ ಮತದಾರ ಅಮೆರಿಕದ ಚುನಾವಣಾ ಅಧ್ಯಯನದಲ್ಲಿ ಬಹುಕಾಲ ಲೆಕ್ಕಕ್ಕೇ ಬರಲಿಲ್ಲ. 2016ರಲ್ಲಿ ಅವನನ್ನು ಅಲಕ್ಷಿಸುವಂತಿರಲಿಲ್ಲ. ಆ ವರ್ಷದ ಮತಗಟ್ಟೆ ಸಮೀಕ್ಷೆಯಲ್ಲಿ ನೂರಕ್ಕೆ 18 ಮಂದಿ ಹಿಲರಿ ಕ್ಲಿಂಟನ್ ಮತ್ತು ಡೊನಾಲ್ಡ್ ಟ್ರಂಪ್ ಇಬ್ಬರ ಬಗ್ಗೆಯೂ ಒಳ್ಳೆಯ ಅಭಿಪ್ರಾಯವಿಲ್ಲ ಎಂದರು. ಇವರಲ್ಲಿ ಶೇ 47ರಷ್ಟು ಮಂದಿ ಟ್ರಂಪ್‌ಗೂ ಶೇ 30ರಷ್ಟು ಮಂದಿ ಕ್ಲಿಂಟನ್‌ಗೂ ಮತ ಹಾಕಿದ್ದರು. ಅಂದಿನಿಂದ ‘ಜನ ಮೆಚ್ಚಿ ಮತ ಹಾಕುವುದಿಲ್ಲ, ದ್ವೇಷಿಸಿ ಹಾಕುತ್ತಾರೆ’ ಎಂಬ ವ್ಯಾಖ್ಯಾನ ಚಾಲ್ತಿಗೆ ಬಂದು ಈಗ ಸವಕಲಾಗಿದೆ. ಈ ವ್ಯಾಖ್ಯಾನದ ತೊಡಕು ಸರಳವಾದದ್ದು: ಇಬ್ಬರ ಮೇಲೂ ಅಸಮಾಧಾನವಿರುವಾಗ, ಅವರಲ್ಲೊಬ್ಬನನ್ನು ಆರಿಸಿದ್ದೇಕೆ ಎಂಬುದನ್ನು ಅಸಮಾಧಾನವೊಂದೇ ವಿವರಿಸಲಾರದು.

ಈ ಕ್ಷೇತ್ರದ ಆರಂಭಿಕ ಕೃತಿಗಳಿಗೆ ಇಂಥ ಮತದಾರ ಒಂದು ಅಪವಾದ ಮಾತ್ರ. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯದ ಸಂಗಡಿಗರು 1940ರಲ್ಲಿ ಒಹಾಯೊದ ಈರಿ ಕೌಂಟಿಯಲ್ಲಿ ನಡೆಸಿದ ಅಧ್ಯಯನ ಮತವನ್ನು ವರ್ಗ, ಧರ್ಮ, ವಾಸಸ್ಥಳಗಳ ಫಲವೆಂದು ಕಂಡಿತು. ಎರಡು ಕಡೆಯ ಸೆಳೆತಕ್ಕೆ ಸಿಕ್ಕವರು ತೀರ್ಮಾನವನ್ನು ಮುಂದೂಡುತ್ತಾರೆ, ಕೆಲವೊಮ್ಮೆ ಮತಗಟ್ಟೆಗೇ ಹೋಗುವುದಿಲ್ಲ ಎಂಬ ಅದರ ಅವಲೋಕನಕ್ಕೆ ಈಗಲೂ ಬೆಲೆಯಿದೆ. 1960ರಲ್ಲಿ ಮಿಶಿಗನ್ ತಂಡದ ‘ದಿ ಅಮೆರಿಕನ್ ವೋಟರ್’ ಪಕ್ಷನಿಷ್ಠೆಯನ್ನು ಕೇಂದ್ರಕ್ಕೆ ತಂದಿತು. ತನ್ನ ಪಕ್ಷದ ಅಭ್ಯರ್ಥಿ ಹಿಡಿಸದಿದ್ದರೂ ನಿಷ್ಠಾವಂತ ಕೊನೆಗೆ ಮನೆಗೆ ಮರಳುತ್ತಾನೆ ಎಂಬುದು ಅದರ ಉತ್ತರ. ಬಹುಪಾಲು ಮತದಾರರ ಮಟ್ಟಿಗೆ ಅದು ನಿಜ. ಮರಳಲು ಮನೆಯೇ ಇಲ್ಲದವರ ಬಗ್ಗೆ ಆ ಗ್ರಂಥ ಹೇಳುವುದು ಕಡಿಮೆ. ಆ್ಯಂಟನಿ ಡೌನ್ಸ್ 1957ರಲ್ಲೇ ಮತದಾರ ಅಭ್ಯರ್ಥಿಗಳನ್ನು ಆದರ್ಶಕ್ಕೆ ಹೋಲಿಸುವುದಿಲ್ಲ, ಒಬ್ಬರಿಗೊಬ್ಬರನ್ನು ಹೋಲಿಸುತ್ತಾನೆ ಎಂದು ತೋರಿಸಿದ್ದರು. ಈ ಪ್ರಶ್ನೆಯ ತಳಪಾಯ ಅಲ್ಲಿದೆ.

ಅದರ ಮೇಲೆ ಗೋಡೆ ಎಬ್ಬಿಸಿದವರು ವಿ. ಓ. ಕೀ. ಅವರು 1963ರಲ್ಲಿ ತೀರಿಕೊಂಡರು. ಅಪೂರ್ಣವಾಗಿದ್ದ ‘ದಿ ರೆಸ್ಪಾನ್ಸಿಬಲ್ ಎಲೆಕ್ಟರೇಟ್’ ಕೃತಿಯನ್ನು ಮಿಲ್ಟನ್ ಕಮಿಂಗ್ಸ್ ಪೂರ್ಣಗೊಳಿಸಿ 1966ರಲ್ಲಿ ಹೊರತಂದರು. 1936ರಿಂದ 1960ರವರೆಗಿನ ಚುನಾವಣೆಗಳಲ್ಲಿ ಪಕ್ಷ ಬದಲಿಸಿದವರನ್ನು ಕೀ ಪ್ರತ್ಯೇಕವಾಗಿ ಪರಿಶೀಲಿಸಿದರು. ಇವರು ಗೊತ್ತುಗುರಿಯಿಲ್ಲದೆ ಅತ್ತಿತ್ತ ತೂಗಾಡುವವರಲ್ಲ, ಆಳುವವರ ಸಾಧನೆಯನ್ನು ತಕ್ಕಡಿಗೆ ಹಾಕಿದವರು ಎಂಬುದು ಅವರ ತೀರ್ಮಾನ. ಅವರ ಇನ್ನೊಂದು ವಾದ ಇದಕ್ಕಿಂತ ಹರಿತವಾದದ್ದು: ಮುಂದಿಟ್ಟ ಆಯ್ಕೆಗಳ ಗುಣವನ್ನು ಫಲಿತಾಂಶದ ಗುಣ ಮೀರಲಾರದು. ಅಭ್ಯರ್ಥಿಗಳಿಬ್ಬರೂ ಬೇಡವಾಗಿರುವಾಗ ಮತದಾರನ ಮನಸ್ಸನ್ನಷ್ಟೇ ಬಗೆಯುವ ಸಂಶೋಧನೆ ಈ ಮಾತನ್ನು ಮರೆತಿದೆ.

ಸ್ಯಾಮ್ಯುಯೆಲ್ ಕರ್ನೆಲ್ 1977ರಲ್ಲಿ ‘ನಕಾರಾತ್ಮಕ ಮತ’ ಎಂಬ ಕಲ್ಪನೆಯನ್ನು ಸ್ಪಷ್ಟಪಡಿಸಿದರು. ಅಧ್ಯಕ್ಷರ ಅವಧಿಯ ನಡುವೆ ಬರುವ ಕಾಂಗ್ರೆಸ್ ಚುನಾವಣೆಗಳಲ್ಲಿ ಅಧ್ಯಕ್ಷರನ್ನು ಮೆಚ್ಚಿದವರಿಗಿಂತ ಮೆಚ್ಚದವರೇ ಹೆಚ್ಚು ಉತ್ಸಾಹದಿಂದ ಮತ ಹಾಕುತ್ತಾರೆ, ಆದ್ದರಿಂದ ಆಳುವ ಪಕ್ಷ ಸ್ಥಾನ ಕಳೆದುಕೊಳ್ಳುತ್ತದೆ ಎಂಬುದು ಅವರ ವಿವರಣೆ. ಮಾರಿಸ್ ಫಿಯೊರಿನಾ 1981ರಲ್ಲಿ ಇದನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದರು. ಅವರ ಪ್ರಕಾರ ಪಕ್ಷನಿಷ್ಠೆಯೇ ಒಂದು ಜಮಾಖರ್ಚಿನ ಪುಸ್ತಕ. ಆಡಳಿತದ ಅನುಭವವಾದಂತೆಲ್ಲ ಮತದಾರ ಅದರ ಬಾಕಿ ತಿದ್ದುತ್ತಾನೆ.

ಈ ಚಿಂತನೆಗೆ 1980ರ ಚುನಾವಣೆ ಒಳ್ಳೆಯ ಪರೀಕ್ಷೆಯಾಯಿತು. ಹಣದುಬ್ಬರ ಶೇ 13 ದಾಟಿತ್ತು, ಟೆಹರಾನ್‌ನಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾಗಿದ್ದರು. ಜಿಮ್ಮಿ ಕಾರ್ಟರ್ ಬಗ್ಗೆ ಬೇಸರವಿದ್ದಂತೆಯೇ ರೊನಾಲ್ಡ್ ರೇಗನ್ ಬಗ್ಗೆ ಅಳುಕೂ ಇತ್ತು. ಸ್ವತಂತ್ರ ಅಭ್ಯರ್ಥಿ ಜಾನ್ ಆ್ಯಂಡರ್ಸನ್ ಶೇ 6.6 ಮತ ಪಡೆದದ್ದು ಅದರ ಸೂಚನೆ. ರೇಗನ್ ಗೆಲುವನ್ನು ಬಲಪಂಥದ ಅಲೆ ಎಂದು ಬಣ್ಣಿಸಿದವರು ಹಲವರು. ಮೈಕೆಲ್ ಗ್ಯಾಂಟ್, ಲೀ ಸೀಗಲ್‌ಮನ್ ಮುಂತಾದ ಕೆಲವರು ಮಾತ್ರ ಒಬ್ಬನ ಪರವಾಗಿ ಹಾಕಿದ ಮತವನ್ನು ಇನ್ನೊಬ್ಬನ ವಿರುದ್ಧ ಹಾಕಿದ ಮತದಿಂದ ಬೇರ್ಪಡಿಸಿ ಅಳೆಯಲು ಹೊರಟರು. ಹೊರಗೆ ಹೆಚ್ಚು ಗಮನ ಸೆಳೆಯದ ಈ ಪ್ರಬಂಧಗಳಲ್ಲಿ ಇಂದಿನ ಚರ್ಚೆಯ ಅರ್ಧಭಾಗ ಆಗಲೇ ಇದೆ. ಕೆಡುಕಿನ ಸುದ್ದಿ ಒಳಿತಿನದಕ್ಕಿಂತ ಭಾರವಾಗುವುದೇಕೆ ಎಂಬುದಕ್ಕೆ ರಿಚರ್ಡ್ ಲಾವ್ 1985ರಲ್ಲಿ ಎರಡು ಕಾರಣ ಕೊಟ್ಟರು: ಜನ ಸಾಮಾನ್ಯವಾಗಿ ಒಳ್ಳೆಯದನ್ನೇ ನಿರೀಕ್ಷಿಸುವುದರಿಂದ ಕೆಟ್ಟದ್ದು ಎದ್ದು ಕಾಣುತ್ತದೆ, ಲಾಭ ಗಳಿಸುವುದಕ್ಕಿಂತ ನಷ್ಟ ತಪ್ಪಿಸುವುದು ಅವರಿಗೆ ಮುಖ್ಯ.

ಈ ಎರಡನೆಯ ಎಳೆಯನ್ನು 1988ರಲ್ಲಿ ಜಾರ್ಜ್ ಕ್ವಾಟ್ರೋನ್ ಮತ್ತು ಏಮಸ್ ಟ್ವರ್ಸ್ಕಿ ಮುಂದಕ್ಕೊಯ್ದರು. ಇರುವ ಸ್ಥಿತಿ ಸಹ್ಯವಾಗಿದ್ದರೆ ಜನ ಗೊತ್ತಿರುವವನನ್ನು ಆರಿಸುತ್ತಾರೆ. ಇರುವುದೇ ನಷ್ಟವೆನಿಸಿದರೆ, ಏನು ಮಾಡುತ್ತಾನೋ ತಿಳಿಯದವನ ಮೇಲೂ ಪಣ ಕಟ್ಟುತ್ತಾರೆ. ಇಬ್ಬರೂ ಬೇಡವಾದಾಗಿನ ಆಯ್ಕೆಗೆ ಇದಕ್ಕಿಂತ ಒಳ್ಳೆಯ ವಿವರಣೆ ಈವರೆಗೆ ಬಂದಿಲ್ಲ.

2010ರ ದಶಕದಲ್ಲಿ ಗಾಳಿ ಬೇರೆಡೆಗೆ ತಿರುಗಿತು. ಶಾಂತೊ ಐಯಂಗಾರ್ ಮತ್ತು ಸಹಲೇಖಕರು 2012ರಲ್ಲಿ, ಪಕ್ಷಗಳ ನಡುವೆ ಹಿಗ್ಗುತ್ತಿರುವುದು ನೀತಿಯ ಅಂತರಕ್ಕಿಂತ ಮನಸ್ಸಿನ ಅಂತರ ಎಂದು ವಾದಿಸಿದರು. ಎದುರು ಪಕ್ಷದ ಮೇಲಿನ ಹಗೆಯೇ ನಿಷ್ಠೆಯ ಹೊಸ ರೂಪವೆಂದು ಅಲನ್ ಅಬ್ರಮೊವಿಟ್ಸ್ ಮತ್ತು ಸ್ಟೀವನ್ ವೆಬ್‌ಸ್ಟರ್ 2016ರಲ್ಲಿ ಪ್ರತಿಪಾದಿಸಿದರು. ಇವು ಗಂಭೀರ ಅಧ್ಯಯನಗಳೇ. ಆದರೆ ಅವು ಹೇಳುವುದು ಪಕ್ಷ ಹಿಡಿದವರ ಕಥೆ. ಸಮಾರಾ ಕ್ಲಾರ್, ಯಾನಾ ಕ್ರುಪ್ನಿಕೋವ್, ಜಾನ್ ರಯನ್ 2018ರಲ್ಲಿ ತೋರಿಸಿದಂತೆ, ಎದುರು ಪಕ್ಷದ ದ್ವೇಷವೆಂದು ಲೆಕ್ಕಕ್ಕೆ ಬರುವುದರಲ್ಲಿ ಒಂದಷ್ಟು ಪಕ್ಷರಾಜಕಾರಣದ ಬಗ್ಗೆಯೇ ಇರುವ ಜುಗುಪ್ಸೆ. ಆ ಎಚ್ಚರಿಕೆಗೆ ಸಲ್ಲಬೇಕಾದ ಗಮನ ಸಂದಿಲ್ಲ.

2016ರ ಅಂಕಿಗಳನ್ನು ಕೀ, ಫಿಯೊರಿನಾ, ಟ್ವರ್ಸ್ಕಿಯರ ಕಣ್ಣಿನಿಂದ ನೋಡಿದರೆ ಒಗಟು ಬಹುಮಟ್ಟಿಗೆ ಬಿಡುತ್ತದೆ. ಎಂಟು ವರ್ಷ ಆಳಿದ ಪಕ್ಷದ ಅಭ್ಯರ್ಥಿ ಕ್ಲಿಂಟನ್. ಬದಲಾವಣೆ ತರುವ ಶಕ್ತಿಯೇ ಅಭ್ಯರ್ಥಿಗೆ ಮುಖ್ಯ ಎಂದವರು ನೂರಕ್ಕೆ 39 ಮಂದಿ. ಇವರಲ್ಲಿ ಹತ್ತಕ್ಕೆ ಎಂಟು ಮಂದಿಯ ಮತ ಟ್ರಂಪ್‌ಗೆ ಬಿತ್ತು. 2024 ಕೀ ಅವರ ಎರಡನೆಯ ವಾದಕ್ಕೆ ಸಾಕ್ಷಿ. ಜೂನ್‌ನಲ್ಲಿ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗೆ ಉತ್ತರಿಸಿದ ನಾಲ್ವರಲ್ಲಿ ಒಬ್ಬರಿಗೆ ಬೈಡನ್, ಟ್ರಂಪ್ ಇಬ್ಬರೂ ಬೇಡವಾಗಿದ್ದರು. ಜುಲೈ 21ರಂದು ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ಬಂದ ಮೇಲೆ ಸಮೀಕ್ಷೆಗಳಲ್ಲಿ ಈ ಗುಂಪು ಕುಗ್ಗಿತು. ಮತದಾರರು ಅವರೇ, ಬದಲಾದದ್ದು ಒಂದು ಹೆಸರು.

ಅಮೆರಿಕದ ಹೊರಗಿನ ಕೆಲಸವನ್ನು ಈ ಕ್ಷೇತ್ರ ಅಡಿಟಿಪ್ಪಣಿಗೆ ತಳ್ಳಿದೆ. 2002ರಲ್ಲಿ ಫ್ರಾನ್ಸ್‌ನ ಮೊದಲ ಸುತ್ತಿನಲ್ಲಿ ಶೇ 19.9 ಮತ ಗಳಿಸಿದ್ದ ಜಾಕ್ ಶಿರಾಕ್, ಎದುರಿಗೆ ಜೀನ್-ಮರಿ ಲೆ ಪೆನ್ ನಿಂತದ್ದರಿಂದ ಎರಡನೆಯದರಲ್ಲಿ ಶೇ 82 ದಾಟಿದರು. ಪೆರುವಿನಲ್ಲಿ 2021ರ ಅಂತಿಮ ಸುತ್ತಿಗೆ ಬಂದ ಪೆಡ್ರೊ ಕಾಸ್ಟಿಯೊ, ಕೈಕೊ ಫುಜಿಮೊರಿ ಇಬ್ಬರೂ ಸೇರಿ ಮೊದಲ ಸುತ್ತಿನಲ್ಲಿ ಮೂರನೇ ಒಂದಂಶ ಮತವನ್ನೂ ಪಡೆದಿರಲಿಲ್ಲ. ಕಾಸ್ಟಿಯೊ ಗೆದ್ದದ್ದು ಸುಮಾರು 44 ಸಾವಿರ ಮತಗಳಿಂದ. ಪಕ್ಷಗಳು ಸೊರಗಿದ ಮೇಲೂ ಪಕ್ಷವಿರೋಧ ಉಳಿಯುತ್ತದೆಂಬುದನ್ನು ಕಾರ್ಲೋಸ್ ಮೆಲೆಂಡೆಸ್ ಲ್ಯಾಟಿನ್ ಅಮೆರಿಕದ ಆಧಾರದ ಮೇಲೆ ವಿವರಿಸಿದ್ದಾರೆ. ಬ್ರೆಜಿಲ್‌ನ ವರ್ಕರ್ಸ್ ಪಾರ್ಟಿಯ ವಿರೋಧಿಗಳ ಬಗ್ಗೆ ಡೇವಿಡ್ ಸ್ಯಾಮ್ಯುಯೆಲ್ಸ್, ಸೀಸರ್ ಝುಕೊ 2018ರಲ್ಲಿ ಬರೆದ ಗ್ರಂಥವೂ ಎರಡು ಪಕ್ಷಗಳ ಚೌಕಟ್ಟಿನಾಚೆಗೆ ನೋಡುವುದನ್ನು ಕಲಿಸುತ್ತದೆ.

ದೊಡ್ಡ ಕೊರತೆಯಿರುವುದು ಆಯ್ಕೆಯನ್ನೇ ನಿರಾಕರಿಸಿದವರ ವಿಷಯದಲ್ಲಿ. ಯಾರಾದರೂ ಒಂದೇ ಎನ್ನುವ ಉದಾಸೀನತೆ, ಯಾರೂ ತನ್ನವರಲ್ಲ ಎನ್ನುವ ಪರಕೀಯತೆ ಇವೆರಡನ್ನೂ 1968ರ ಚುನಾವಣೆಯ ಆಧಾರದಿಂದ ರಿಚರ್ಡ್ ಬ್ರೋಡಿ ಮತ್ತು ಬೆಂಜಮಿನ್ ಪೇಜ್ 1973ರಲ್ಲೇ ಬೇರ್ಪಡಿಸಿದ್ದರು. ಆ ದಾರಿಯಲ್ಲಿ ನಡೆದವರು ವಿರಳ. ಫ್ರಾನ್ಸ್‌ನಲ್ಲಿ 2017ರ ಎರಡನೇ ಸುತ್ತಿನಲ್ಲಿ 40 ಲಕ್ಷಕ್ಕೂ ಹೆಚ್ಚು ಮತಪತ್ರಗಳು ಖಾಲಿ ಅಥವಾ ಅಸಿಂಧು. ಭಾರತಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ನೋಟಾದಂಥ ಅವಕಾಶ ನೆವಾಡ ರಾಜ್ಯದಲ್ಲಿ 1976ರಿಂದ ಇದೆ. 2016ರಲ್ಲಿ ಅಲ್ಲಿ ಅದಕ್ಕೆ ಬಿದ್ದ 28,863 ಮತಗಳು ಕ್ಲಿಂಟನ್ ಗೆಲುವಿನ ಅಂತರಕ್ಕಿಂತ ಹೆಚ್ಚು. ಈ ಮತಗಳ ಎಣಿಕೆ ಸಿಗುತ್ತದೆ, ಹಾಕಿದವರ ಕಾರಣ ಸಿಗುವುದಿಲ್ಲ. ರಾಷ್ಟ್ರಮಟ್ಟದ ಸಮೀಕ್ಷೆಯ ಒಂದೆರಡು ಸಾವಿರ ಜನರಲ್ಲಿ ಇಂಥವರು ಸಿಕ್ಕರೂ ಬೆರಳೆಣಿಕೆಯಷ್ಟು. ಒಲ್ಲದ ಅಭ್ಯರ್ಥಿಗಳನ್ನು ಅಂತಿಮ ಕಣಕ್ಕೆ ತರುವ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಗಳ ಅಧ್ಯಯನವಂತೂ ಪ್ರತ್ಯೇಕ ಶಾಖೆಯಾಗಿಯೇ ಬೆಳೆದು, ಮತದಾನ ವರ್ತನೆಯ ಸಂಶೋಧನೆಯೊಂದಿಗೆ ಅಪರೂಪಕ್ಕೆ ಮಾತನಾಡುತ್ತದೆ.