ಸೀಸದ ಹಸಿರು ದ್ರಾವಣ

ದ್ರವ ಅಮೋನಿಯದಲ್ಲಿ ಸೋಡಿಯಮ್ಮನ್ನು ಕರಗಿಸಿದರೆ ಗಾಢ ನೀಲವರ್ಣದ ದ್ರಾವಣ ದೊರೆಯುವುದು. ಅದಕ್ಕೆ ಸೀಸವನ್ನು ಕೂಡಿಸಿದಾಗ ನೀಲಿ ಅಳಿದು ಹಸಿರು ಮೂಡುವ ಸಂಗತಿಯನ್ನು ಫ್ರಾನ್ಸಿನ ಜೊವಾನಿಸ್ 1891ರಲ್ಲಿ ಪ್ರಕಟಿಸಿದನು. ಲೋಹವೆಂದರೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ದ್ರವ್ಯವೆಂಬುದು ರಸಾಯನಶಾಸ್ತ್ರದ ಮೊದಲ ಪಾಠ. ಇಲ್ಲಿಯಾದರೋ ಸೀಸವೇ ಸೋಡಿಯಮ್ಮಿನಿಂದ ಎಲೆಕ್ಟ್ರಾನುಗಳನ್ನು ಪಡೆದು ಋಣಾವೇಶವನ್ನು ತಾಳಿತ್ತು.

ಈ ಋಣ ಅಯಾನಿನ ಲೆಕ್ಕವನ್ನು ಖಚಿತಗೊಳಿಸಿದ ಕೀರ್ತಿ ಜರ್ಮನಿಯ ಎಡ್ವರ್ಡ್ ತ್ಸಿಂಟಲ್‌ನದು. ಸೋಡಿಯಂ ದ್ರಾವಣಕ್ಕೆ ಸೀಸದ ಅಯೋಡೈಡನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ, ವಿದ್ಯುತ್ ವಿಭವವು ಹಠಾತ್ತನೆ ಬದಲಾಗುವ ಘಟ್ಟಗಳನ್ನು ಆತನು ಗುರುತಿಸಿದನು. ಒಂಬತ್ತು ಸೀಸದ ಪರಮಾಣುಗಳು ಸೇರಿ ನಾಲ್ಕು ಋಣಾವೇಶಗಳನ್ನು ಹೊತ್ತಿವೆಯೆಂದು ಸಿದ್ಧವಾಯಿತು. ಆದರೆ ಎಣಿಕೆ ತಿಳಿದ ಮಾತ್ರಕ್ಕೆ ಆಕಾರ ತಿಳಿದಂತಾಗಲಿಲ್ಲ. ಪರಮಾಣುಗಳ ನೆಲೆಗಳನ್ನು ಕ್ಷಕಿರಣಗಳಿಂದ ಅರಿಯಬೇಕಾದರೆ ಸ್ಫಟಿಕ ಬೇಕು. ಅಮೋನಿಯವನ್ನು ಆವಿಯಾಗಿಸಿದೊಡನೆ ಅಯಾನು ತನ್ನ ಎಲೆಕ್ಟ್ರಾನುಗಳನ್ನು ಸೋಡಿಯಮ್ಮಿಗೇ ಮರಳಿಸಿ, ಉಳಿಯುತ್ತಿದ್ದುದು ಬರಿಯ ಮಿಶ್ರಲೋಹ. 1941ರ ಜನವರಿಯಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ತ್ಸಿಂಟಲ್ ತೀರಿಕೊಂಡನು. ತಾನು ಎಣಿಸಿದ ಗೊಂಚಲನ್ನು ಆತನು ಕಾಣಲಿಲ್ಲ.

1970ರಲ್ಲಿ ಕುಮ್ಮರ್ ಮತ್ತು ಡೀಲ್ ಎಂಬವರು ಎಥಿಲೀನ್ ಡೈಅಮೀನಿನ ನೆರವಿನಿಂದ ತವರದ ಇಂತಹ ಸಂಯುಕ್ತವೊಂದನ್ನು ಸ್ಫಟಿಕವಾಗಿ ಪಡೆದರು. ಆದರೆ ಇಡೀ ವರ್ಗಕ್ಕೆ ಅನ್ವಯಿಸುವ ಉಪಾಯ ಬಂದುದು ಇದಕ್ಕೆ ಏನೇನೂ ಸಂಬಂಧವಿಲ್ಲದ ಕಡೆಯಿಂದ. ಅಮೆರಿಕದ ಡುಪಾಂಟ್ ಕಂಪನಿಯ ಚಾರ್ಲ್ಸ್ ಪೆಡರ್ಸನ್ 1962ರಲ್ಲಿ ಬೇರಾವುದನ್ನೋ ತಯಾರಿಸುತ್ತಿದ್ದಾಗ ಅತ್ಯಲ್ಪ ಪ್ರಮಾಣದ ಉಪೋತ್ಪನ್ನವೊಂದು ಕೈಗೆ ಸಿಕ್ಕಿತು. ಡಾಕ್ಟರೇಟ್ ಪದವಿಯಿಲ್ಲದ ಈತನು ಅದನ್ನು ಚೆಲ್ಲದೆ ಪರೀಕ್ಷಿಸಿದುದು ಸಣ್ಣ ಮಾತಲ್ಲ. ಹದಿನೆಂಟು ಪರಮಾಣುಗಳ ಉಂಗುರ, ಅದರಲ್ಲಿ ಆರು ಆಮ್ಲಜನಕ. ನಡುವಣ ತೆರವು ಪೊಟ್ಯಾಸಿಯಂ ಅಯಾನಿಗೆ ಅಳತೆ ತೆಗೆದು ಮಾಡಿಸಿದಂತಿತ್ತು. 1967ರಲ್ಲಿ ಪ್ರಕಟವಾದ ಈ ವರ್ಗಕ್ಕೆ ಕ್ರೌನ್ ಈಥರ್ ಎಂಬ ಹೆಸರಾಯಿತು. ಎರಡು ವರ್ಷಗಳಲ್ಲಿ ಫ್ರಾನ್ಸಿನ ಲೆನ್ ಉಂಗುರವನ್ನು ಪಂಜರವಾಗಿ ಬೆಳೆಸಿ, ಅಯಾನನ್ನು ಎಲ್ಲ ಕಡೆಯಿಂದಲೂ ಮುಚ್ಚುವ ಕ್ರಿಪ್ಟಾಂಡನ್ನು ರಚಿಸಿದನು.

ಅಯೋವಾದ ಜಾನ್ ಕಾರ್ಬೆಟ್ ಈ ಪಂಜರದೊಳಗೆ ಸೋಡಿಯಮ್ಮನ್ನು ಕೂಡಿಹಾಕಿದನು. ಎಲೆಕ್ಟ್ರಾನಿಗೆ ಹಿಂದಿರುಗುವ ದಾರಿ ಮುಚ್ಚಿತು. 1975ರಲ್ಲಿ ಐದು ಸೀಸದ ಪರಮಾಣುಗಳ ಅಯಾನಿನ ರಚನೆಯೂ, 1977ರಲ್ಲಿ ಒಂಬತ್ತು ತವರದ ಪರಮಾಣುಗಳದೂ ಬೆಳಕಿಗೆ ಬಂದುವು. ಎರಡನೆಯದರಲ್ಲಿ ಎರಡು ಚೌಕಗಳು ಒಂದರ ಮೇಲೊಂದು ಓರೆಯಾಗಿ ತಿರುಗಿ ನಿಂತಿವೆ. ಒಂಬತ್ತನೆಯ ಪರಮಾಣು ಒಂದು ಚೌಕದ ನೆತ್ತಿಯನ್ನೇರಿದೆ.

ಮುಂದೆ ಪೆಡರ್ಸನ್ನನ ಉಂಗುರವನ್ನೇ ಬಳಸಿ ಪಡೆದ ಸ್ಫಟಿಕಗಳಲ್ಲಿ ಬೇರೊಂದು ವಿಶೇಷ ಕಂಡಿತು. ಉಂಗುರವು ಪೊಟ್ಯಾಸಿಯಮ್ಮಿನ ಸೊಂಟವನ್ನು ಮಾತ್ರ ಸುತ್ತುತ್ತದೆ; ಮೇಲೂ ಕೆಳಗೂ ತೆರವು. ಆ ತೆರವಿನಲ್ಲಿ ಲೋಹದ ಗೊಂಚಲು ಪೊಟ್ಯಾಸಿಯಮ್ಮನ್ನು ನೇರವಾಗಿ ಮುಟ್ಟಬಲ್ಲುದು. ಕೆಲವು ಸ್ಫಟಿಕಗಳಲ್ಲಿ ಇವೆರಡೂ ಸರಪಳಿಯಾಗಿ ಹೆಣೆದುಕೊಂಡೂ ಇವೆ.