ಯಥಾಶಕ್ತಿ ಏಕಾಗ್ರತೆ: ಪೂರ್ವಾಚಾರ್ಯರ ಅಳತೆಗೋಲು

ಪುತ್ತೂರು ತಾಲ್ಲೂಕಿನ ಬೆಟ್ಟಂಪಾಡಿ ಕೇರಳದ ಗಡಿಗೆ ಸಮೀಪವಿರುವ ಅಡಿಕೆ ತೋಟಗಳ ಊರು. ಇಲ್ಲಿಯ ಕೃಷಿಕನ ದಿನಚರಿಯನ್ನು ನಿರ್ಣಯಿಸುವುದು ಗಡಿಯಾರವಲ್ಲ, ಮಳೆ ಮತ್ತು ಬಿಸಿಲು. ಕೊಳೆರೋಗವನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣಗಳಿಂದಾದ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುನ್ನ ಒಮ್ಮೆ, ಅಲ್ಲಿಂದ 40-45 ದಿನಗಳಿಗೆ ಮತ್ತೊಮ್ಮೆ ಸಿಂಪಡಿಸಬೇಕು. ಎರಡನೆಯ ಸಲಕ್ಕೆ ಮಳೆ ಬಿಡುವು ಕೊಟ್ಟ ಹೊತ್ತೇ ಸುಮುಹೂರ್ತ. ಸ್ವಾಧ್ಯಾಯಕ್ಕೆ ಪ್ರಶಸ್ತವೆಂದು ನಮ್ಮವರು ಎಣಿಸುವ ಚಾತುರ್ಮಾಸ್ಯವೂ ಅದೇ ದಿನಗಳಲ್ಲಿ ಬರುತ್ತದೆ. ಮಳೆಗಾಲ ಕಳೆದ ಮೇಲೆ ಕೊಯ್ಲು. ಹಣ್ಣಡಿಕೆ ಅಂಗಳದಲ್ಲಿ ಸುಮಾರು 40 ದಿನ ಒಣಗಿ ಚಾಲಿಯಾಗಬೇಕು. ಅನಂತರ ಸುಲಿಯುವವರು ಗಂಟೆಗಟ್ಟಲೆ ಒಂದೇ ಕಡೆ ಕುಳಿತು ಕೈಯನ್ನು ಒಂದೇ ಲಯದಲ್ಲಿ ಆಡಿಸುತ್ತಾರೆ. ಪುತ್ತೂರು ಪೇಟೆಯಲ್ಲಿ ಅದೇ ಅಡಿಕೆಯನ್ನು ಕೊಳ್ಳುವ ವ್ಯಾಪಾರಿಗೆ ಅಂತಹ ಅಖಂಡವಾದ ಹೊತ್ತು ದೊರೆಯುವುದೇ ಇಲ್ಲ. ಅವನ ದಿನವೆಲ್ಲ ಗಿರಾಕಿಯ ಮಾತು, ತಕ್ಕಡಿ, ದೂರವಾಣಿಗಳ ನಡುವೆ ತುಂಡು ತುಂಡಾಗಿ ಹಂಚಿಹೋಗಿರುತ್ತದೆ. ಇವರಿಬ್ಬರ ಮನೆಯ ಮಗ ಪರೀಕ್ಷೆಗೆ ಓದುವ ಬಗೆಯಂತೂ ಇನ್ನೊಂದು.

ಈ ಮೂವರಿಗೂ ಏಕಾಗ್ರತೆ ಬೇಕು. ಮೂವರಿಗೂ ಒಂದೇ ವಿಧಾನವನ್ನು ಹೇಳಿಕೊಡಬಹುದೆ? ಈಗ ಪುಸ್ತಕದಂಗಡಿಗಳಲ್ಲಿ ಇಂತಹ ಉಪದೇಶದ ಗ್ರಂಥಗಳಿಗೆ ಕೊರತೆಯಿಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಏಳದವನಿಗೆ ಏಳಿಗೆಯಿಲ್ಲವೆಂದು ಒಂದು ಹೇಳಿದರೆ, ಇಂತಿಷ್ಟು ನಿಮಿಷ ದುಡಿದು ಇಂತಿಷ್ಟು ನಿಮಿಷ ವಿರಮಿಸಬೇಕೆಂದು ಮತ್ತೊಂದು ವಿಧಿಸುತ್ತದೆ. ಈ ವಿಚಾರಕ್ಕೂ ಒಂದು ಚರಿತ್ರೆಯುಂಟು. ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ವೈಜ್ಞಾನಿಕ ನಿರ್ವಹಣೆಯ ಗ್ರಂಥದ ತಿರುಳು, ಪ್ರತಿಯೊಂದು ಕೆಲಸಕ್ಕೂ ಅತ್ಯುತ್ತಮವಾದ ಮಾರ್ಗ ಒಂದೇ ಇದೆ, ಅದನ್ನು ಗಡಿಯಾರ ಹಿಡಿದು ಅಳೆದು ಕಂಡುಕೊಳ್ಳಬೇಕು ಎಂಬುದು. 1980ರ ದಶಕದ ಕೊನೆಯಲ್ಲಿ ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವನ್ನಿಟ್ಟುಕೊಂಡು ರೂಪಿಸಿದ 25 ನಿಮಿಷಗಳ ಕ್ರಮವು ಈಗ ಲೋಕವಿಖ್ಯಾತ. ತನಗೆ ಒಗ್ಗಿದ ಅಳತೆಯನ್ನು ಆತ ತಾನೇ ಕಂಡುಕೊಂಡನೆಂಬುದು ಮೆಚ್ಚತಕ್ಕ ಸಂಗತಿ. ಅದನ್ನೇ ಎಲ್ಲರ ಕೊರಳಿಗೂ ಕಟ್ಟಹೊರಡುವುದು ಬೇರೆ ಮಾತು.

ಜೈನ ಪರಂಪರೆಯಲ್ಲಿ ಈ ಪ್ರಶ್ನೆ ಬಹು ಹಿಂದೆಯೇ ಎದ್ದಿತ್ತು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ಲಕ್ಷಣವನ್ನು ಹೇಳುವಾಗ ಎರಡು ಕಟ್ಟುಗಳನ್ನು ಸೇರಿಸಿಯೇ ಹೇಳಿದ್ದಾರೆ. ಮೊದಲನೆಯದು, ಅದು ಉತ್ತಮ ಸಂಹನನವುಳ್ಳವನಿಗೆ, ಅಂದರೆ ದೃಢವಾದ ದೇಹರಚನೆಯುಳ್ಳವನಿಗೆ ಸಾಧ್ಯವೆಂಬುದು. ಎರಡನೆಯದು, ಅದು ಅಂತರ್ಮುಹೂರ್ತದವರೆಗೆ ಮಾತ್ರ ನಿಲ್ಲಬಲ್ಲುದೆಂಬುದು. ಮುಹೂರ್ತವೆಂದರೆ ಎರಡು ಘಳಿಗೆ, ಈಗಿನ ಲೆಕ್ಕದಲ್ಲಿ 48 ನಿಮಿಷ. ಉಚ್ಛ್ವಾಸಗಳ ಗಣನೆಯಲ್ಲಿ 3773. ಒಂದೇ ವಿಷಯದಲ್ಲಿ ಚಿತ್ತವನ್ನು ಅದಕ್ಕಿಂತ ಹೆಚ್ಚು ಹೊತ್ತು ಅಖಂಡವಾಗಿ ನಿಲ್ಲಿಸುವುದು ವಜ್ರಕಾಯರಿಗೂ ಅಶಕ್ಯವೆಂದಾಯಿತು. ಹಾಗಿರುವಾಗ, ಹತ್ತನೆಯ ತರಗತಿಯ ಹುಡುಗನು ಮೂರು ತಾಸು ಅಲುಗಾಡದೆ ಕೂರಲಿಲ್ಲವೆಂದು ಗದರಿಸುವ ತಂದೆಯು ಸೂತ್ರಕಾರರು ಮುನಿಗಳಿಂದಲೂ ಬಯಸದಿದ್ದುದನ್ನು ಮಗನಿಂದ ಬಯಸುತ್ತಿದ್ದಾನೆ.

ಇದಕ್ಕಿಂತಲೂ ವಿಶದವಾದ ವಿವೇಚನೆ ಭಗವಜ್ಜಿನಸೇನಾಚಾರ್ಯರ ಆದಿಪುರಾಣದ ಇಪ್ಪತ್ತೊಂದನೆಯ ಪರ್ವದಲ್ಲಿ ದೊರೆಯುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಗೌರವಕ್ಕೆ ಪಾತ್ರರಾಗಿದ್ದ ಈ ಆಚಾರ್ಯರು ಕ್ರಿ.ಶ. 9ನೆಯ ಶತಮಾನದವರು. ಧ್ಯಾನಕ್ಕೆ ಯಾವ ಆಸನ, ಯಾವ ಕಾಲ, ಯಾವ ದೇಶ ಎಂಬ ಪ್ರಶ್ನೆಗೆ ಅವರು ಕೊಡುವ ಉತ್ತರ ಬೆರಗುಗೊಳಿಸುವಷ್ಟು ಉದಾರವಾದುದು. ವಿಷಮವಾದ ಆಸನದಲ್ಲಿ ಕುಳಿತವನ ಶರೀರ ನೋಯುತ್ತದೆ, ಶರೀರ ನೊಂದರೆ ಮನಸ್ಸು ಕೆಡುತ್ತದೆ, ಕೆಟ್ಟ ಮನಸ್ಸಿನಿಂದ ಧ್ಯಾನವೆಲ್ಲಿಯದು ಎಂದು ಅವರ ತರ್ಕ. ಆದುದರಿಂದ ಸಾಮಾನ್ಯರಿಗೆ ಪರ್ಯಂಕಾಸನವೂ ಕಾಯೋತ್ಸರ್ಗವೂ ಸುಖಕರ. ಅಷ್ಟಕ್ಕೇ ನಿಲ್ಲದೆ, ದೇಹದ ಯಾವ ಸ್ಥಿತಿಯು ಧ್ಯಾನಕ್ಕೆ ಅಡ್ಡಿಯಾಗದೋ ಆ ಸ್ಥಿತಿಯಲ್ಲಿಯೇ, ನಿಂತಾಗಲಿ, ಕುಳಿತಾಗಲಿ, ಮಲಗಿಯಾಗಲಿ ಧ್ಯಾನಿಸಬಹುದು ಎನ್ನುತ್ತಾರೆ. ಹಗಲು ರಾತ್ರಿಗಳ ಕಟ್ಟನ್ನೂ ಅವರು ಹಾಕುವುದಿಲ್ಲ. ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದಿನ ಈ ಮಾತನ್ನು ನಮ್ಮ ಉಪದೇಶಕರು ಏಕೋ ಹೆಚ್ಚಾಗಿ ಎತ್ತಿ ಹೇಳುವುದಿಲ್ಲ.

ಆ ಮಹಾಪುರಾಣದಲ್ಲಿಯೇ ಇದಕ್ಕೆ ನಿದರ್ಶನವಾಗಿ ಇಬ್ಬರು ಸೋದರರಿದ್ದಾರೆ. ಬಾಹುಬಲಿ ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ, ಬಳ್ಳಿಗಳು ಮೈಗೇರಿದವು. ಆದರೂ ತನ್ನಿಂದ ಭರತನಿಗೆ ನೋವಾಯಿತೆಂಬ ಒಂದು ಎಳೆ ಮನಸ್ಸಿನಲ್ಲಿ ಉಳಿದಿತ್ತು. ಭರತನೇ ಬಂದು ಪೂಜಿಸಿದಾಗ ಕೇವಲಜ್ಞಾನವಾಯಿತು. ಭರತನೋ ಷಟ್ಖಂಡದ ಭಾರವನ್ನು ಹೊತ್ತೇ ಬಾಳಿದವನು. ಕನ್ನಡಿಯಲ್ಲಿ ನರೆಗೂದಲನ್ನು ಕಂಡು ದೀಕ್ಷೆ ವಹಿಸಿದ ಆತನಿಗೆ ಕೇವಲಜ್ಞಾನವಾಗಲು ಅಂತರ್ಮುಹೂರ್ತ ಸಾಕಾಯಿತು. ಅಣ್ಣನ ದಾರಿ ತಮ್ಮನದಾಗಲಿಲ್ಲ, ತಮ್ಮನದು ಅಣ್ಣನದಾಗಲಿಲ್ಲ. ತುಳುನಾಡಿನಲ್ಲಿ ಕಾರ್ಕಳದಲ್ಲಿ 1432ರಲ್ಲಿ, ವೇಣೂರಿನಲ್ಲಿ 1604ರಲ್ಲಿ, ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡದ್ದು ಬಾಹುಬಲಿಯ ಮೂರ್ತಿಗಳೇ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭರತನದೆಂದು ಹೇಳುವ ಭಗ್ನಮೂರ್ತಿಯ ಮುಂದೆ ನಿಲ್ಲುವ ಯಾತ್ರಿಕರು ವಿರಳ. ಅಚಲವಾಗಿ ನಿಂತವನನ್ನೇ ಕಂಡು ಕಂಡು, ಏಕಾಗ್ರತೆಯೆಂದರೆ ಅದೊಂದೇ ಎಂಬ ಭ್ರಮೆ ನಮ್ಮ ಕಣ್ಣಿಗೆ ಕವಿದಿರಬಹುದು. 16ನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಭರತನನ್ನೇ ನಾಯಕನನ್ನಾಗಿ ಮಾಡಿ, ರಾಜ್ಯಭೋಗಗಳ ನಡುವೆಯೇ ಆತ್ಮಧ್ಯಾನಕ್ಕೆ ಹೊತ್ತು ಕಂಡುಕೊಳ್ಳುವ ಗೃಹಸ್ಥನಾಗಿ ಚಿತ್ರಿಸಿದುದರ ಮಹತ್ತ್ವ ಇಲ್ಲಿದೆ.

ಗೃಹಸ್ಥರಿಗೆ ಹೇಳಿದ ವ್ರತಗಳಲ್ಲಿಯೂ ಇದೇ ನೀತಿ. ಸಾಮಾಯಿಕಕ್ಕೆ ಉತ್ತಮ ಪಕ್ಷದಲ್ಲಿ ಆರು ಘಳಿಗೆ, ಮಧ್ಯಮದಲ್ಲಿ ನಾಲ್ಕು, ಜಘನ್ಯದಲ್ಲಿ ಎರಡು ಎಂದು ಮೂರು ಅಳತೆಗಳುಂಟು. ಇಂದಿನ ಲೆಕ್ಕದಲ್ಲಿ 144, 96, 48 ನಿಮಿಷಗಳು. ಸ್ಥಳಕ್ಕೆ ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಕ್ಷೇಪವಿಲ್ಲದಿರಬೇಕೆಂದು ವಿಧಿಸಿ, ಕಾಡು, ಮನೆ, ಚೈತ್ಯಾಲಯ ಮೂರನ್ನೂ ಒಪ್ಪುತ್ತಾರೆ. ದೇಶಾವಕಾಶಿಕ ವ್ರತವಂತೂ ದುಡಿಯುವವನಿಗೆಂದೇ ರಚಿತವಾದಂತಿದೆ. ಇಷ್ಟು ಕಾಲ ಈ ಎಲ್ಲೆಯನ್ನು ದಾಟೆನೆಂದು ಶ್ರಾವಕನೇ ಗೆರೆ ಎಳೆದುಕೊಳ್ಳುವುದು ಇದರ ಸ್ವರೂಪ. ಎಲ್ಲೆಯು ಮನೆಯಾಗಬಹುದು, ಊರಾಗಬಹುದು, ಹೊಲ, ನದಿ, ಕಾಡುಗಳಾಗಬಹುದು. ಕಾಲವು ವರ್ಷದಿಂದ ಹಿಡಿದು ಒಂದು ನಕ್ಷತ್ರದವರೆಗೆ ಯಾವುದೂ ಆಗಬಹುದು. ತೋಟದವನಿಗೆ ತೋಟವೇ ಎಲ್ಲೆ, ವ್ಯಾಪಾರಿಗೆ ಅಂಗಡಿಯ ಹಿಂಬದಿಯ ಕೋಣೆಯೇ ಎಲ್ಲೆ. ಈ ದಿನಗಳಲ್ಲಿ ಆ ಗೆರೆಯ ಹೊರಗೆ ಮೊಬೈಲನ್ನೂ ಇಡಬೇಕಾದೀತು. ಅಂಗೈಯಲ್ಲಿಯೇ ಹತ್ತು ದಿಕ್ಕುಗಳನ್ನು ಹಿಡಿದುಕೊಂಡವನ ದಿಗ್ವ್ರತಕ್ಕೆ ಅರ್ಥವೇನು?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಅವರವರ ಸ್ವಭಾವಕ್ಕೆ ತಕ್ಕಂತೆ ಎಂದುಬಿಟ್ಟರೆ ಸೋಮಾರಿಗೆ ಶಾಸ್ತ್ರವೇ ಪರವಾನಗಿ ಕೊಟ್ಟಂತಾಗದೆ? ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗ, ತಪಸ್ಸು ಇವೆರಡಕ್ಕೆ ಮಾತ್ರ ಶಕ್ತಿಗನುಸಾರವೆಂಬ ವಿಶೇಷಣವಿದೆ. ಅದನ್ನು ವಿವರಿಸುವಾಗ ಕನ್ನಡ ನಾಡಿನ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ತನ್ನ ವೀರ್ಯವನ್ನು ಅಡಗಿಸಿಡದವನ ತಪಸ್ಸೆಂದು ಅರ್ಥ ಮಾಡಿದ್ದಾರೆ. ಪಂಚಾಚಾರಗಳಲ್ಲಿ ಕೊನೆಯದಾದ ವೀರ್ಯಾಚಾರವೂ ಇದೇ. ಇದನ್ನು ಲೆಕ್ಕಪತ್ರದ ಭಾಷೆಯಲ್ಲಿ ಹೇಳಬಹುದು: ಇಲ್ಲದ ಬಂಡವಾಳವನ್ನು ಪುಸ್ತಕದಲ್ಲಿ ತೋರಿಸುವುದು ಹೇಗೆ ಸುಳ್ಳೋ, ಇರುವುದನ್ನು ಮರೆಮಾಚುವುದೂ ಹಾಗೆಯೇ ಸುಳ್ಳು. ನಾಲ್ಕು ಘಳಿಗೆಯ ಶಕ್ತಿಯುಳ್ಳವನು ತನ್ನ ಸ್ವಭಾವವೇ ಹೀಗೆಂದು ಎರಡಕ್ಕೆ ಏಳುವುದು ಪ್ರಮಾದ. ಎರಡರ ಶಕ್ತಿಯವನನ್ನು ಆರಕ್ಕೆ ಕೂರಿಸುವುದು ಹಿಂಸೆಯ ಕಡೆಗೇ ವಾಲುತ್ತದೆ.

ಏಕಾಗ್ರತೆಯು ತಾನಾಗಿಯೇ ಸದ್ಗುಣವಲ್ಲವೆಂಬುದನ್ನೂ ಆಚಾರ್ಯರು ಮರೆಯಲಿಲ್ಲ. ಧ್ಯಾನಗಳು ನಾಲ್ಕು: ಆರ್ತ, ರೌದ್ರ, ಧರ್ಮ್ಯ, ಶುಕ್ಲ. ಕಳೆದುಹೋದ ಲಾಭವನ್ನೇ ನೆನೆದು ರಾತ್ರಿಯಿಡೀ ನಿದ್ರೆಗೆಟ್ಟವನ ಚಿತ್ತವೂ ಏಕಾಗ್ರವೇ, ಅದು ಆರ್ತ. ಗಳಿಸಿದ ಸಂಪತ್ತಿನ ರಕ್ಷಣೆಯೊಂದರಲ್ಲಿಯೇ ಕಠೋರವಾಗಿ ನೆಟ್ಟ ಮನಸ್ಸು ರೌದ್ರ. ಅಧಿಕ ಉತ್ಪಾದನೆಯ ಇಂದಿನ ವಿಧಾನಗಳು ಎಷ್ಟು ಹೊತ್ತು ಎಂದು ಕೇಳುತ್ತವೆ, ಯಾವುದರಲ್ಲಿ ಎಂದು ಕೇಳುವುದು ಕಡಿಮೆ. ಸಾಮಾಯಿಕವನ್ನು ಅಂಗಡಿಯ ವಹಿವಾಟು ಹೆಚ್ಚಿಸುವ ಉಪಾಯವೆಂದು ಪ್ರಚಾರ ಮಾಡುವ ಕರಪತ್ರಗಳು ಬರಬಾರದಷ್ಟೆ.

ಜಿನಸೇನರ ಸ್ವಂತ ಬಾಳು ಅವರ ಮಾತಿಗೆ ಸಾಕ್ಷಿ. ಜಯಧವಳದ ಪ್ರಶಸ್ತಿಯಲ್ಲಿ ಅವರು ತಾವು ಅತಿಸುಂದರರೂ ಅಲ್ಲ, ಅತಿಚತುರರೂ ಅಲ್ಲ, ದೇಹದಿಂದ ಕೃಶರು ಎಂದು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಗುರು ವೀರಸೇನರು 72,000 ಶ್ಲೋಕ ಪ್ರಮಾಣದ ಧವಳವನ್ನು ಮುಗಿಸಿ, ಜಯಧವಳದ 20,000ವನ್ನು ಬರೆದು ಕಾಲವಾದರು. ಕೃಶಕಾಯರಾದ ಶಿಷ್ಯರು ಉಳಿದ 40,000ವನ್ನು ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು. ಅವರ ಆದಿಪುರಾಣ 42 ಪರ್ವಗಳನ್ನು ದಾಟಿದಲ್ಲಿ ನಿಂತಾಗ ಅವರ ಶಿಷ್ಯ ಗುಣಭದ್ರರು ಅದನ್ನು ಕೊನೆಗಾಣಿಸಿ ಉತ್ತರಪುರಾಣವನ್ನು ರಚಿಸಿದರು. ಗುರುವಿನಂತೆ ಹರಡಿ ಬರೆಯಲು ಅವರು ಹೋಗಲಿಲ್ಲ. ಉಳಿದ 23 ತೀರ್ಥಂಕರರ ಚರಿತೆಗಳನ್ನು ಸಂಗ್ರಹವಾಗಿ ಹೇಳಿದರು.

ಆ ಸಿದ್ಧಾಂತ ಗ್ರಂಥಗಳ ತಾಳೆಯೋಲೆಗಳು ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದವು. ಅವುಗಳ ಪ್ರತಿಲೇಖನ 1896ರಲ್ಲಿ ಆರಂಭವಾಗಿ 1922ರವರೆಗೆ ನಡೆಯಿತು. ಬಸದಿಯಲ್ಲಿ ನಾಗರಿ ಲಿಪಿಯಲ್ಲಿ ಪ್ರತಿ ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯ ಪ್ರತಿಯೊಂದನ್ನೂ ಸಿದ್ಧಪಡಿಸಿದರು. ಅದಕ್ಕೆ ಅವರ ಪತ್ನಿ ಲಕ್ಷ್ಮೀಬಾಯಿಯವರು ನೆರವಾದರು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಳದ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಹದಿನಾರನೆಯದು 1958ರಲ್ಲಿ ಹೊರಬಂದಿತು.